ಮಾಡರ್ನ್ ಡಿಫೆನ್ಸ್ ಕೈಕೊಟ್ಟಾಗ ಎಲ್ಲಿ ನೋಡಬೇಕು

ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯದ ಕಡೆ ಚೆಸ್ ಕಲಿಯುವ ಮಕ್ಕಳಿಂದ ಆಗಾಗ ಕೇಳಿಬರುವ ದೂರು ಒಂದುಂಟು: "ಮಾಷ್ಟ್ರೆ, ಈ ಜಿ6 ಓಪನಿಂಗ್ ಸರಿ ಇಲ್ಲ. ಒಂದೋ ಹತ್ತು ನಡೆಯೊಳಗೆ ಕತೆ ಮುಗಿಯುತ್ತದೆ, ಇಲ್ಲದಿದ್ದರೆ ಅವ ಇಡೀ ಬೋರ್ಡು ತಿಂದು ಕೂತಿರುತ್ತಾನೆ." ನಡೆಗಳನ್ನು ಬರೆದಿಟ್ಟ ಸ್ಕೋರ್‌ಶೀಟ್ ತೆಗೆಸಿ ನೋಡಿದರೆ ಜಿ6 ಕಾರಣವಾಗಿ ಸೋತ ಆಟ ಸಿಗುವುದು ಬಹಳ ಅಪರೂಪ. ತೋಟದ ಪಂಪು ನೀರೆತ್ತದಿದ್ದರೆ ಗೊತ್ತಿದ್ದವರು ಮೋಟಾರು ಬಿಚ್ಚುವುದಿಲ್ಲ, ಮೊದಲು ಕೆರೆಯ ತಳದ ಫುಟ್‌ವಾಲ್ವ್ ನೋಡುತ್ತಾರೆ. ಇಲ್ಲಿಯೂ ಮೇಟ್ ಆದ ಜಾಗ ಬಿಟ್ಟು ತುಂಬ ಹಿಂದಕ್ಕೆ ಹೋಗಬೇಕು.

ಮಾತಾಡುತ್ತಿರುವುದು ಕಪ್ಪು ಕಾಯಿಯವರು ಆಡುವ ಮಾಡರ್ನ್ ಡಿಫೆನ್ಸ್ ಎಂಬ ಈ ಓಪನಿಂಗಿನ (ಆರಂಭದ ನಡೆಗಳ) ಬಗ್ಗೆ: 1. ಇ4 ಜಿ6 2. ಡಿ4 ಬಿಷಪ್ ಜಿ7 3. ಕುದುರೆ ಸಿ3 ಡಿ6. (ಅಕ್ಷರ ಬೋರ್ಡಿನ ಉದ್ದ ಸಾಲು, ಅಂಕೆ ಬಿಳಿಯ ಕಡೆಯಿಂದ ಎಣಿಸಿದ ಅಡ್ಡ ಸಾಲು. ಕಾಯಿಯ ಹೆಸರಿಲ್ಲದಿದ್ದರೆ ಅದು ಕಾಲಾಳಿನ ನಡೆ. ಪ್ರತಿ ಜೋಡಿಯಲ್ಲಿ ಮೊದಲನೆಯದು ಬಿಳಿಯದು, ಎರಡನೆಯದು ಕಪ್ಪಿನದು.) ನಟ್ಟನಡುವಿನ ಮನೆಗಳನ್ನು ಕಾಲಾಳುಗಳಿಂದ ಹಿಡಿಯುವ ಗೋಜಿಗೆ ಹೋಗದೆ ಬಿಳಿಗೆ ಬಿಟ್ಟುಕೊಟ್ಟು, ಆಮೇಲೆ ಅದನ್ನೇ ಗುರಿ ಮಾಡಿ ಹೊಡೆಯುವುದು ಇದರ ಹೂರಣ. 1920ರ ದಶಕದಲ್ಲಿ ರಿಚರ್ಡ್ ರೇಟಿ, ಆರನ್ ನಿಮ್ಜೊವಿಚ್ ಮೊದಲಾದವರು ಈ ವಿಚಾರವನ್ನು ಗಟ್ಟಿಯಾಗಿ ಪ್ರತಿಪಾದಿಸಿದರು, ಹೈಪರ್‌ಮಾಡರ್ನ್ ಎಂಬ ಹೆಸರು ನಿಂತಿತು. ಆಸ್ಟ್ರಿಯಾದ ಗ್ರಾಂಡ್‌ಮಾಸ್ಟರ್ ಕಾರ್ಲ್ ರೊಬಾಚ್ ಇದನ್ನು ಬಹಳ ಆಡಿದ್ದರಿಂದ ರೊಬಾಚ್ ಡಿಫೆನ್ಸ್ ಎಂದೂ ಕರೆಯುತ್ತಾರೆ. ಆತ ಆರ್ಕಿಡ್ ಹೂಗಳ ತಜ್ಞ ಕೂಡ. ಬೇಗನೆ ಕುದುರೆಯನ್ನು ಎಫ್6ಕ್ಕೆ ತಂದರೆ ಅದು ಪಿರ್ಕ್ ಡಿಫೆನ್ಸ್. ತರದೆ ಕಾದರೆ ಮಾಡರ್ನ್. ಹೊರಗಿನಿಂದ ನೋಡುವವರಿಗೆ ಇದು ಸಣ್ಣ ವ್ಯತ್ಯಾಸ. ಕೆಳಗೆ ಹೇಳುವ ದೋಷಗಳಲ್ಲಿ ಅರ್ಧದಷ್ಟು ಹುಟ್ಟುವುದು ಈ ಕುದುರೆಯಿಂದಲೇ.

ಇದೆಲ್ಲ ಯುರೋಪಿನವರು ಕಂಡುಹಿಡಿದದ್ದು ಎಂದುಕೊಂಡವರಿಗಾಗಿ ಒಂದು ಅಡ್ಡಮಾತು. 1850ರ ದಶಕದಲ್ಲಿ ಕಲ್ಕತ್ತದಲ್ಲಿ ಮಹೇಶಚಂದ್ರ ಬ್ಯಾನರ್ಜಿ ಎಂಬವರು ಜಾನ್ ಕಾಕ್ರೇನ್ ಎಂಬ ವಕೀಲರ ಎದುರು ಹೀಗೆಯೇ ಜಿ6, ಬಿಷಪ್ ಜಿ7 ಇಟ್ಟು ಆಡಿದ ಆಟಗಳು ದಾಖಲೆಯಲ್ಲಿ ಉಳಿದಿವೆ. ನಮ್ಮ ಹಳೆಯ ಚದುರಂಗದಲ್ಲಿ ಕಾಲಾಳು ಸಾಮಾನ್ಯವಾಗಿ ಒಂದೇ ಮನೆ ನಡೆಯುತ್ತಿತ್ತು. ಅಂಥ ಆಟದಲ್ಲಿ ಪಳಗಿದವರಿಗೆ ನಿಧಾನಕ್ಕೆ ಕಟ್ಟಿ ಆಮೇಲೆ ಹೊಡೆಯುವುದು ಸಹಜವೇ.

ಕಾಸರಗೋಡಿನವರಿಗೆ ಮಾತ್ರ ಬೇಕಾದ ಸೂಚನೆ: ಕನ್ನಡದ ಹುಡುಗ ಆನೆ ಅಂದರೆ ಮೂಲೆಯ ರೂಕ್, ಮಲಯಾಳದ ಹುಡುಗ ಆನ ಅಂದರೆ ಬಿಷಪ್. ಆಟದ ನಂತರ ಇಬ್ಬರೂ ಕೂತು ತಪ್ಪು ಹುಡುಕುವಾಗ ಇದು ಬೇಡದ ಜಗಳಕ್ಕೆ ದಾರಿ. ಹಾಗಾಗಿ ಇಲ್ಲಿ ರೂಕ್, ಬಿಷಪ್ ಎಂದೇ ಬರೆದಿದ್ದೇನೆ.

ಮೊದಲ ಪರೀಕ್ಷೆ: ಬ್ರೇಕ್ ಯಾವಾಗ ಸತ್ತಿತು?

ಸೋತ ಆಟವನ್ನು ಕೊನೆಯಿಂದ ಹಿಂದಕ್ಕೆ ಓದಿ. ನಿಮ್ಮ ಒಂದು ಕಾಲಾಳು ಬಿಳಿಯ ನಡುವಿನ ಕಾಲಾಳಿಗೆ ನೇರ ಡಿಕ್ಕಿ ಹೊಡೆಯುವ ನಡೆಗೆ ಬ್ರೇಕ್ ಎನ್ನುತ್ತಾರೆ. ಈ ಓಪನಿಂಗಿನಲ್ಲಿ ಕಪ್ಪಿಗೆ ಮುಖ್ಯವಾದ ಬ್ರೇಕ್‌ಗಳು ಸಿ5, ಇ5, ಮತ್ತು ಸಿ6ರ ಬೆಂಬಲದಿಂದ ಡಿ5. ಬಿ5 ನೇರವಾಗಿ ನಡುವಿಗೆ ತಾಗದಿದ್ದರೂ ಮುಂದೆ ಬಿ4 ಬಂದು ಸಿ3ರ ಕುದುರೆಯನ್ನು ಓಡಿಸಿದರೆ ಇ4ರ ಕಾವಲು ಹೋಗುತ್ತದೆ. ಹಾಗಾಗಿ ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಈಗ ಸ್ಕೋರ್‌ಶೀಟಿನಲ್ಲಿ ಗುರುತು ಹಾಕಿ: ಈ ಬ್ರೇಕ್‌ಗಳಲ್ಲಿ ಒಂದಾದರೂ ಆಡಲು ಸಾಧ್ಯವಿದ್ದ ಕೊನೆಯ ನಡೆ ಯಾವುದು? ದೋಷ ಇರುವುದು ಅಲ್ಲಿ ಅಥವಾ ಅದರ ಎರಡು ನಡೆ ಹಿಂದೆ. ಆಮೇಲೆ ಬಂದ ರೂಕ್ ಬಲಿ, ಎಚ್ ಫೈಲಿನ (ಉದ್ದ ಸಾಲಿನ) ಚೆಕ್, ಮೇಟ್, ಇವೆಲ್ಲ ಅದರ ಫಲ. ಮಾಡರ್ನ್ ಆಡುವವರು "ಫ್ಲೆಕ್ಸಿಬಲ್" ಎಂಬ ಮಾತನ್ನು ಹಿಡಿದುಕೊಂಡು, ಏನನ್ನೂ ನಿರ್ಧರಿಸದೆ ಸುಮ್ಮನೆ ಕಾಯಬಹುದು ಎಂದುಕೊಳ್ಳುತ್ತಾರೆ. ನೀವು ಆಡುವ ಒಂದೊಂದು ಕಾಯುವ ನಡೆಯೂ ಯಾವುದಾದರೊಂದು ಬ್ರೇಕನ್ನು ಜೀವಂತ ಇಡಬೇಕು. ಯಾವ ಬ್ರೇಕನ್ನು ಇಟ್ಟಿತು ಎಂದು ಕೇಳಿದರೆ ಉತ್ತರ ಬರದ ನಡೆಯನ್ನು ಕೆಂಪು ಪೆನ್ನಿನಲ್ಲಿ ಸುತ್ತಿ.

ಲಕ್ಷಣ: ಹತ್ತು ನಡೆಯೊಳಗೆ ಸೋಲು

ಇಲ್ಲಿ ಬ್ರೇಕ್ ಪರೀಕ್ಷೆ ಬೇಡ. ನಡೆಗಳ ಅನುಕ್ರಮ ತಪ್ಪಿದೆ, ಅಷ್ಟೆ.

ಅತಿ ಹೆಚ್ಚು ಮಕ್ಕಳು ಬೀಳುವ ಗುಂಡಿ: 1. ಇ4 ಜಿ6 2. ಡಿ4 ಬಿಷಪ್ ಜಿ7 3. ಕುದುರೆ ಎಫ್3 ಡಿ6 4. ಬಿಷಪ್ ಸಿ4 ಕುದುರೆ ಡಿ7. ನೋಡಲು ಸಾಧು ನಡೆ. ಆದರೆ 5. ಬಿಷಪ್ ಎಫ್7ರ ಕಾಲಾಳನ್ನು ಹೊಡೆದು ಚೆಕ್! ರಾಜ ಹೊಡೆಯುತ್ತಾನೆ. 6. ಕುದುರೆ ಜಿ5 ಚೆಕ್. ರಾಜ ಎಫ್6ಕ್ಕೆ ಬಂದರೆ ರಾಣಿ ಎಫ್3, ಅಲ್ಲಿಗೆ ಮೇಟ್. ಇ8ಕ್ಕೆ ಅಥವಾ ಎಫ್8ಕ್ಕೆ ಹೋದರೆ ಕುದುರೆ ಇ6ರಲ್ಲಿ ಕೂರುತ್ತದೆ, ಡಿ8ರ ರಾಣಿ ಹೋಯಿತು. ಆ ರಾಣಿಗೆ ಉಸಿರಾಡಲು ಜಾಗ ಇಲ್ಲದಂತೆ ಮಾಡಿದ್ದು ಡಿ7ರ ಕುದುರೆ. ಸಿ4ರಲ್ಲಿ ಬಿಷಪ್, ಎಫ್3ರಲ್ಲಿ ಕುದುರೆ ಎರಡೂ ಕಂಡರೆ ನಾಲ್ಕನೇ ನಡೆ ಕುದುರೆ ಎಫ್6 ಇರಲಿ ಅಥವಾ ಇ6 ಇರಲಿ. ಡಿ7 ಆಮೇಲೆ ನೋಡೋಣ.

ಎರಡನೆಯದು: ಡಿ6 ಇಡುವ ಮೊದಲೇ ಕುದುರೆ ಎಫ್6. 1. ಇ4 ಜಿ6 2. ಡಿ4 ಬಿಷಪ್ ಜಿ7 3. ಕುದುರೆ ಸಿ3 ಕುದುರೆ ಎಫ್6 4. ಇ5. ಈಗ ಕುದುರೆ ಎಚ್5ಕ್ಕೆ ಹೋದರೆ 5. ಜಿ4 ಬರುತ್ತದೆ, ಕುದುರೆಗೆ ತಿರುಗಿ ಬರಲು ಒಂದು ಮನೆಯೂ ಇಲ್ಲ: ಜಿ7ರಲ್ಲಿ ಸ್ವಂತ ಬಿಷಪ್ಪೇ ಕೂತಿದೆ, ಎಫ್4ಕ್ಕೆ ಬಿಳಿಯ ಬಿಷಪ್ಪಿನ ಕಣ್ಣು, ಎಫ್6 ಇ5ರ ಕಾಲಾಳಿನ ಪಾಲು, ಜಿ3 ಎಚ್ ಕಾಲಾಳಿನ ಪಾಲು. ಜಿ8ಕ್ಕೆ ವಾಪಸು ಹೋದರೆ ಕುದುರೆ ಉಳಿಯುತ್ತದೆ, ಎರಡು ನಡೆ ಹಾಳು. ಪರಿಹಾರ ಒಂದೇ ಸಾಲು: ಮೊದಲು ಡಿ6, ಆಮೇಲೆ ಕುದುರೆ ಎಫ್6.

ಬಿಷಪ್ ಸಿ4, ರಾಣಿ ಎಫ್3 ಎಂಬ ಶಾಲಾ ಮಟ್ಟದ ಧಾಳಿಗೆ ಇ6 ಸಾಕು. ಬಿಷಪ್ಪಿನ ದಾರಿ ಮುಚ್ಚುತ್ತದೆ, ಮುಂದೆ ಇ7ರಿಂದ ಕುದುರೆ ಬರುತ್ತದೆ, ಬಿಳಿಯ ರಾಣಿ ಎಫ್3ರಲ್ಲಿ ತನ್ನದೇ ಕುದುರೆಯ ಮನೆ ಕಸಿದುಕೊಂಡು ನಿಂತಿರುತ್ತದೆ.

ಲಕ್ಷಣ: ಇಪ್ಪತ್ತನೇ ನಡೆ ಆದರೂ ಕಾಯಿಗಳಿಗೆ ಜಾಗವಿಲ್ಲ

ನಿಜವಾದ ಕಾಯಿಲೆ ಇದು. ಕಾಯಿ ಕಳೆದುಕೊಂಡದ್ದಿಲ್ಲ, ಎಡವಟ್ಟು ಮಾಡಿದ್ದಿಲ್ಲ, ಆದರೂ ಆಡಲು ಏನೂ ಉಳಿದಿರುವುದಿಲ್ಲ. ಕಾರಣ ಹೆಚ್ಚಾಗಿ ತಪ್ಪು ಬ್ರೇಕಿಗೆ ಕಾದದ್ದು. ಯಾವ ಬ್ರೇಕ್ ಬೇಕು ಎಂಬುದನ್ನು ತೀರ್ಮಾನಿಸುವುದು ನಿಮ್ಮ ಇಷ್ಟ ಅಲ್ಲ. ಇ4, ಡಿ4 ಆದ ಮೇಲೆ ಬಿಳಿಯ ಮೂರನೇ ಕಾಲಾಳು ಎಲ್ಲಿ ನಿಂತಿದೆ ಎಂಬುದು.

ಬಿಳಿ ಸಿ4 ಆಡಿದ್ದರೆ ಡಿ4ಕ್ಕೆ ಕಾಲಾಳಿನ ಬೆಂಬಲ ಕೊಡುವ ಸಿ3 ಇನ್ನು ಇಲ್ಲ. ಕಾಲಾಳು ಹಿಂದಕ್ಕೆ ಬರುವುದಿಲ್ಲವಲ್ಲ. ಆಗ ಡಿ4 ಮನೆಯ ಮೇಲೆಯೇ ಬೀಳಿ: ಕುದುರೆ ಸಿ6, ಇ5. ಬಿಳಿ ಡಿ5 ತಳ್ಳಿ ಮುಚ್ಚಿದರೆ ಕುದುರೆ ಇ7ಕ್ಕೆ, ಕೆಲಸ ಎಫ್5ಕ್ಕೆ ವರ್ಗ. 1. ಇ4 ಜಿ6 2. ಡಿ4 ಬಿಷಪ್ ಜಿ7 3. ಸಿ4 ಡಿ6 4. ಕುದುರೆ ಸಿ3 ಇ5 ಆದ ಮೇಲೆ ಬಿಳಿ ಇ5ರಲ್ಲಿ ಹೊಡೆದು ರಾಣಿ ಬದಲಿಸಿದರೆ ಕೆಲವು ಮಕ್ಕಳ ಮುಖ ಬಾಡುತ್ತದೆ: ರಾಜ ಡಿ8ರಲ್ಲಿ, ಕ್ಯಾಸ್ಲಿಂಗ್ (ರಾಜನನ್ನು ಎರಡು ಮನೆ ಬದಿಗೆ ಸರಿಸಿ ರೂಕನ್ನು ಅವನ ಆಚೆ ಬದಿಗೆ ತರುವ ನಡೆ) ಹೋಯಿತು ಎಂದು. ಅದು ದೋಷವೇ ಅಲ್ಲ. ರಾಣಿ ಇಲ್ಲದ ಬೋರ್ಡಿನಲ್ಲಿ ಸಿ6 ಇಟ್ಟು ರಾಜನನ್ನು ಸಿ7ಕ್ಕೆ ನಡೆಸಿದರೆ ಅಲ್ಲಿ ಚೆನ್ನಾಗಿಯೇ ಇರುತ್ತಾನೆ. ಡಿ4ರಲ್ಲಿ ಬಿಳಿಗೆ ಶಾಶ್ವತ ತೂತು ಉಳಿದಿದೆ. ಎಫ್4 ತಳ್ಳಿ ಆಟ ತೆರೆಯುವುದರ ಕಡೆ ಒಂದು ಕಣ್ಣಿರಲಿ.

ಬಿಳಿ ಎಫ್4 ಆಡಿದ್ದರೆ ಇ5ಕ್ಕೆ ಬೀಗ ಬಿದ್ದಿದೆ. ಇಲ್ಲಿ ಇ5 ತಯಾರಿ ಮಾಡುತ್ತ ಕೂತವರೇ ಹೆಚ್ಚು ಸೋಲುವುದು. ಎರಡು ದಾರಿ ಉಂಟು. ಒಂದು, ಪಿರ್ಕಿಗೆ ಹೊರಳಿ ಸಿ5 ಹೊಡೆಯುವುದು: 1. ಇ4 ಡಿ6 2. ಡಿ4 ಕುದುರೆ ಎಫ್6 3. ಕುದುರೆ ಸಿ3 ಜಿ6 4. ಎಫ್4 ಬಿಷಪ್ ಜಿ7 5. ಕುದುರೆ ಎಫ್3 ಸಿ5. 1972ರಲ್ಲಿ ರೇಕ್ಯಾವಿಕ್‌ನ ವಿಶ್ವ ಚಾಂಪಿಯನ್‌ಶಿಪ್‌ನ 17ನೇ ಆಟದಲ್ಲಿ ಸ್ಪಾಸ್ಕಿ ಎದುರು ಫಿಶರ್ ಹೋದದ್ದು ಇದೇ ಜಾಗಕ್ಕೆ. ಸ್ಪಾಸ್ಕಿ ಸಿ5ರಲ್ಲಿ ಹೊಡೆದಾಗ ಫಿಶರ್ ತಿರುಗಿ ಹೊಡೆಯುವ ಅವಸರ ಮಾಡದೆ ರಾಣಿಯನ್ನು ಎ5ಕ್ಕೆ ತಂದ. ಸಿ3ರ ಕುದುರೆ ಕಟ್ಟಿಬಿತ್ತು (ಕದಲಿದರೆ ಅದರ ರಾಜನಿಗೇ ಚೆಕ್), ಇ4ರ ಕಾವಲು ಸಡಿಲಾಯಿತು, ಕಾಲಾಳು ಆಮೇಲೆ ಬಂತು. ಆಟ ಡ್ರಾ.

ಸಿ5ರ ನಂತರ ಎಲ್ಲರೂ ಹೆದರುವುದು 6. ಬಿಷಪ್ ಬಿ5 ಚೆಕ್ ಬಿಷಪ್ ಡಿ7 7. ಇ5 ಕುದುರೆ ಜಿ4 8. ಇ6 ಎಂಬ ದಾಳಿಗೆ. ನೋಡಲು ಭಯಂಕರ ನಿಜ. ಎಫ್ ಕಾಲಾಳಿನಿಂದ ಇ6ನ್ನು ಹೊಡೆಯಿರಿ. 9. ಕುದುರೆ ಜಿ5 ಬಂದಾಗ ಬಿ5ರ ಬಿಷಪ್ಪನ್ನು ಹೊಡೆಯಿರಿ. 10. ಕುದುರೆ ಇ6ರಲ್ಲಿ ಹೊಡೆದು ರಾಣಿಗೆ ಕೈಯಿಟ್ಟರೆ ರಾಣಿಯನ್ನು ಅಲ್ಲಿಯೇ ಬಿಟ್ಟು ಬಿಷಪ್ಪಿನಿಂದ ಡಿ4 ಹೊಡೆಯಿರಿ. 11. ಕುದುರೆ ರಾಣಿಯನ್ನು ತಿಂದಿತು. ಬಿಷಪ್ ಎಫ್2 ಚೆಕ್, ರಾಜ ಡಿ2, ಬಿಷಪ್ ಇ3 ಚೆಕ್, ರಾಜ ಇ1, ಮತ್ತೆ ಎಫ್2. ಜಿ4ರ ಕುದುರೆ ಮತ್ತು ಬಿ5ರ ಬಿಷಪ್ ಸೇರಿ ರಾಜನಿಗೆ ಬೇರೆ ಮನೆ ಬಿಟ್ಟಿಲ್ಲ. ನಿಲ್ಲದ ಚೆಕ್, ಡ್ರಾ. ಈ ಸಾಲನ್ನು ಬೋರ್ಡಿನ ಮೇಲೆ ಕೈಯಾರೆ ಆಡಿ ನೋಡದವರು ಎಫ್4ರ ಎದುರು ಸಿ5 ಆಡಬೇಡಿ. ಕಣ್ಣಲ್ಲಿ ಓದಿದ್ದು ಟೂರ್ನಮೆಂಟಿನ ಹಾಲಿನಲ್ಲಿ ನೆನಪಾಗುವುದಿಲ್ಲ.

ಎರಡನೆಯ ದಾರಿ ಮುಚ್ಚಿ ಆಡುವವರದ್ದು, ಜಾರ್ಜಿಯಾದ ಬುಖುಟಿ ಗುರ್ಗೆನಿಡ್ಜೆ ಹೆಸರಿನದು: ಡಿ6 ಬದಲು 3... (ಅಂದರೆ ಕಪ್ಪಿನ ಮೂರನೇ ನಡೆ) ಸಿ6 4. ಎಫ್4 ಡಿ5 5. ಇ5 ಎಚ್5. ಕುದುರೆ ಎಚ್6ರಿಂದ ಎಫ್5ಕ್ಕೆ, ಸಿ8ರ ಬಿಷಪ್ ಜಿ4ಕ್ಕೆ. ಇಲ್ಲಿ ಆಗುವ ದೋಷ ಒಂದೇ: ಬಿಷಪ್ ಹೊರಗೆ ಬರುವ ಮೊದಲೇ ಇ6 ಆಡಿ ಅದನ್ನು ಒಳಗೆ ಹೂತುಬಿಡುವುದು. ಜಿ7ರ ಬಿಷಪ್ ಈಗ ಕಾಲಾಳುಗಳ ಗೋಡೆಗೆ ಮುಖಮಾಡಿದೆ ಎಂದು ಬೇಜಾರಾಗಬೇಡಿ, ಸಮಯ ಸಿಕ್ಕಾಗ ಎಫ್8ಕ್ಕೆ ಹಿಂತಿರುಗಿಸಿದರಾಯಿತು.

ಬಿಳಿ ಸಿ3 ಆಡಿ ಡಿ4ನ್ನು ಗಟ್ಟಿ ಮಾಡಿದರೆ ಆ ಮನೆಯ ಮೇಲೆ ತಲೆ ಚಚ್ಚಿಕೊಳ್ಳಬೇಡಿ. ಬಿ1ರ ಕುದುರೆಗೆ ಸಿ3 ಸಿಗದು. ಮೂರನೇ ನಡೆಗೇ ಸಿ3 ಬಂದಿದ್ದರೆ ನೇರ 3... ಡಿ5 ಆಡಬಹುದು, ಬಿಳಿ ಹೊಡೆದರೆ ರಾಣಿಯಿಂದ ತಿರುಗಿ ಹೊಡೆಯಿರಿ, ಅದನ್ನು ಓಡಿಸಲು ಸಿ3ಕ್ಕೆ ಕುದುರೆ ಬರುವಂತಿಲ್ಲ.

ಇನ್ನು ಸಾದಾ ಬೆಳವಣಿಗೆ, ಕುದುರೆ ಎಫ್3, ಬಿಷಪ್ ಇ2, ಕ್ಯಾಸ್ಲಿಂಗ್. ಮಂಗಳೂರಿನ ಭಾನುವಾರದ ರಾಪಿಡ್‌ (ಕಡಿಮೆ ಸಮಯದ) ಟೂರ್ನಮೆಂಟುಗಳಲ್ಲಿ ಹೆಚ್ಚು ಎದುರಾಗುವುದು ಇದೇ. ಎ6, ಬಿ5, ಬಿಷಪ್ ಬಿ7, ಕುದುರೆ ಡಿ7, ಆಮೇಲೆ ಸಿ5. ಎ6 ನೋಡಿದ ಕೂಡಲೆ ಬಿಳಿ ಎ4 ಒತ್ತಿದರೆ ಬಿ5ನ ಆಸೆಯನ್ನು ಅಲ್ಲಿಯೇ ಬಿಡಿ. ಬಿ5ಕ್ಕಾಗಿ ಮತ್ತೆ ಮೂರು ನಡೆ ತಯಾರಿ ಮಾಡುವವರನ್ನು ನೋಡಿದ್ದೇನೆ, ಆ ಮೂರು ನಡೆಯಲ್ಲಿ ಬಿಳಿ ಇಡೀ ಸೈನ್ಯ ತಂದು ನಿಲ್ಲಿಸಿರುತ್ತದೆ. ಎ4ರಿಂದಾಗಿ ಬಿ4 ಮನೆ ಕಾವಲಿಲ್ಲದಾಗಿದೆ. ಕುದುರೆ ಎಫ್6, ಕ್ಯಾಸ್ಲಿಂಗ್, ಇ5 ಎಂದು ಬೇರೆ ಕಡೆ ತಿರುಗಿ.

ಲಕ್ಷಣ: ಎಚ್ ಫೈಲಿನಲ್ಲಿ ಮೇಟ್

ಬಿಳಿಯ ಬಿಷಪ್ ಇ3, ರಾಣಿ ಡಿ2, ಎಫ್3, ಉದ್ದನೆಯ (ರಾಣಿಯ ಕಡೆಗಿನ) ಕ್ಯಾಸ್ಲಿಂಗ್, ಬಿಷಪ್ ಎಚ್6, ಎಚ್4, ಎಚ್5. ಯಂತ್ರದ ಹಾಗೆ ಆಡುತ್ತಾರೆ, ಯೋಚಿಸುವುದೇ ಬೇಡ. ಕಪ್ಪು ಸೋತಾಗ "ಜಿ6 ಆಡಿದರೆ ಎಚ್ ಕಾಲಾಳಿಗೆ ಕೊಕ್ಕೆ ಕೊಟ್ಟಂತೆ" ಎಂಬ ತೀರ್ಪು ಕೇಳಿಬರುತ್ತದೆ.

ಸ್ಕೋರ್‌ಶೀಟ್ ನೋಡಿ: ನೀವು ಕ್ಯಾಸ್ಲಿಂಗ್ ಮಾಡಿದ್ದು ರಾಣಿ ಡಿ2ಕ್ಕೆ ಬಂದ ಮೇಲೋ, ಮೊದಲೋ? ಬಂದ ಮೇಲೆ ಆಗಿದ್ದರೆ ದೋಷ ಸಿಕ್ಕಿತು. ಬಿಳಿ ತನ್ನ ಬಂದೂಕು ಯಾವ ಕಡೆ ತಿರುಗಿಸಿದೆ ಎಂದು ಕಣ್ಣಿಗೆ ಕಾಣುತ್ತಿದ್ದರೂ ರಾಜನನ್ನು ಅದೇ ಕಡೆ ಕಳಿಸಿದಿರಿ. ಮಾಡರ್ನ್‌ನಲ್ಲಿ ರಾಜ ಇ8ರಲ್ಲಿ ಬಹಳ ಹೊತ್ತು ಕೂರಬಹುದು, ನಡುವೆ ಮುಚ್ಚಿರುವವರೆಗೆ.

ಇಲ್ಲಿ ಜಿ8ರ ಕುದುರೆಯ ವಿಚಾರ ಬರುತ್ತದೆ. ಆ ಕುದುರೆ ಅಲ್ಲಿಯೇ ಇರುವವರೆಗೆ ಎಚ್6 ಮನೆಗೆ ಕಾವಲು ಉಂಟು. ಬಿಳಿ ಬಿಷಪ್ಪನ್ನು ಎಚ್6ಕ್ಕೆ ತಂದರೆ ನಿಮ್ಮ ಬಿಷಪ್ ಹೊಡೆಯುತ್ತದೆ, ರಾಣಿ ತಿರುಗಿ ಹೊಡೆದರೆ ಕುದುರೆ ರಾಣಿಯನ್ನೇ ತಿನ್ನುತ್ತದೆ. ಅಂದರೆ ಬಿಳಿಯ ಇಡೀ ಯೋಜನೆಯ ಮುಖ್ಯ ನಡೆಯೇ ಬರುವ ಹಾಗಿಲ್ಲ. ಕುದುರೆ ಎಫ್6ಕ್ಕೆ ಬಂದ ಕ್ಷಣದಲ್ಲಿ ಆ ಬಾಗಿಲು ತೆರೆಯುತ್ತದೆ. ಇದೊಂದು ವಿಷಯ ಗೊತ್ತಿಲ್ಲದೆ ಮಾಡರ್ನ್ ಆಡುವುದೆಂದರೆ ಪಿರ್ಕನ್ನೇ ತಡವಾಗಿ ಆಡಿದ ಹಾಗೆ. ಹಾಗಾಗಿ ಬಿಷಪ್ ಇ3, ರಾಣಿ ಡಿ2 ಕಂಡಾಗ ಕುದುರೆಯನ್ನು ಜಿ8ರಲ್ಲಿ ಬಿಟ್ಟು ಎ6, ಬಿ5, ಬಿಷಪ್ ಬಿ7, ಕುದುರೆ ಡಿ7, ಸಿ5 ಕಡೆಗೆ ನಡೆಯಿರಿ. ಬಿಳಿ ಉದ್ದ ಕ್ಯಾಸ್ಲಿಂಗ್ ಮಾಡಿದರೆ ಆ ಕಾಲಾಳುಗಳೆಲ್ಲ ಅದರ ರಾಜನ ಎದುರಿಗೇ ಹೋಗಿ ನಿಲ್ಲುತ್ತವೆ.

ಎಚ್4 ಬಂದರೆ? ಹೆಚ್ಚಿನ ಸಲ ಎಚ್5 ಆಡಿ ನಿಲ್ಲಿಸಿ. ಜಿ5 ಮನೆ ಬಿಳಿಗೆ ಹೋಗುತ್ತದೆ, ಅದು ಬೆಲೆ. ಫೈಲ್ ತೆರೆಯುವುದಕ್ಕಿಂತ ಅಗ್ಗ.

ಈ ಬಗೆಯ ಆಟಗಳಲ್ಲಿ ಅತಿ ಪ್ರಸಿದ್ಧವಾದದ್ದು 1999ರ ಜನವರಿಯಲ್ಲಿ ನೆದರ್ಲೆಂಡ್ಸಿನ ವೈಕ್ ಆನ್ ಜೀಯಲ್ಲಿ ಕಾಸ್ಪರೋವ್ ಟೋಪಲೋವ್‌ನನ್ನು ಸೋಲಿಸಿದ್ದು. ಓಪನಿಂಗ್ ಪಿರ್ಕ್. ಆ ರೂಕ್ ಬಲಿಯ ವಿಡಿಯೊ ನೋಡಿ "ಪಿರ್ಕ್, ಮಾಡರ್ನ್ ಎಲ್ಲ ಹೀಗೇ ಸೋಲುವುದು" ಎಂದು ಬಿಟ್ಟುಬಿಟ್ಟವರು ಬಹಳ. ಆಟವನ್ನು ಮೊದಲಿನಿಂದ ನೋಡಿ. ಬಿಷಪ್ ಇ3, ರಾಣಿ ಡಿ2 ಬಂದಾಗ ಟೋಪಲೋವ್ ಸಿ6, ಬಿ5 ಆಡಿದ. ಎಂಟನೇ ನಡೆಗೆ ಬಿಷಪ್ ಎಚ್6 ಬಂದಾಗ ಹೊಡೆದು ರಾಣಿಯನ್ನು ಎಚ್6ಕ್ಕೆ ಎಳೆದ. ಆ ರಾಣಿಗೆ ಅಲ್ಲಿ ಹೊಡೆಯಲು ರಾಜನೇ ಇಲ್ಲ. ಬಿಷಪ್ ಬಿ7, ಇ5, ಕೊನೆಗೆ ಉದ್ದನೆಯ ಕ್ಯಾಸ್ಲಿಂಗ್. ಓಪನಿಂಗಿನ ಮಟ್ಟಿಗೆ ಟೋಪಲೋವ್ ನಮ್ಮ ಕೈಪಿಡಿ ಓದಿ ಆಡಿದಂತೆಯೇ ಇದೆ. ಸೋತದ್ದು 24ನೇ ನಡೆಯಲ್ಲಿ: ಡಿ4ರಲ್ಲಿ ಕಾಸ್ಪರೋವ್ ಕೊಟ್ಟ ರೂಕನ್ನು ಸಿ ಕಾಲಾಳಿನಿಂದ ತಿಂದ. ತಿನ್ನದೆ ರಾಜನನ್ನು ಬಿ6ಕ್ಕೆ ನಡೆಸಿದ್ದರೆ ಆ ಸೊಬಗಿನ ಬಲಿ ಯಾವುದೂ ನಡೆಯುತ್ತಿರಲಿಲ್ಲ. 24ನೇ ನಡೆಯ ತಪ್ಪನ್ನು ಮೊದಲನೇ ನಡೆಯ ತಲೆಗೆ ಕಟ್ಟುವುದು ನ್ಯಾಯವಲ್ಲ.

ಈಗಾಗಲೇ ಜಿ8ಕ್ಕೆ ಕ್ಯಾಸ್ಲಿಂಗ್ ಮಾಡಿ ಸಿಕ್ಕಿಬಿದ್ದಿದ್ದರೆ, ರಾಜನ ಎದುರಿನ ಕಾಲಾಳುಗಳನ್ನು ಇನ್ನು ಮುಟ್ಟಬೇಡಿ. ನಡುವಿನಲ್ಲಿ ಒಡೆಯಿರಿ, ಸಿ5 ಆಗಲಿ ಇ5 ಆಗಲಿ, ಒಂದು ಕಾಲಾಳು ಹೋದರೂ ಚಿಂತಿಲ್ಲ. ಎಚ್6ರಲ್ಲಿ ಬಿಷಪ್ಪುಗಳು ಬದಲಾದ ಮೇಲೆ ಎಫ್6, ಎಚ್6 ಎಂಬ ಕಪ್ಪು ಮನೆಗಳನ್ನು ಕಾಯುವವರಿಲ್ಲ. ಅಲ್ಲಿ ಕೂತು ರಕ್ಷಿಸಿಕೊಳ್ಳುವ ಆಟ ಗೆಲ್ಲುವುದಿಲ್ಲ.

ಲಕ್ಷಣ: ಗೂಡು ಕಟ್ಟಿದ ಮೇಲೆ ಏನು ಮಾಡುವುದೆಂದು ಗೊತ್ತಿಲ್ಲ

ಹಿಪ್ಪೊಪೊಟಮಸ್ ಎಂದು ಕರೆಯುವ ರೂಪ ಇದು: ಎ6, ಬಿ6, ಡಿ6, ಇ6, ಜಿ6, ಎಚ್6ರಲ್ಲಿ ಕಾಲಾಳುಗಳು, ಬಿ7 ಮತ್ತು ಜಿ7ರಲ್ಲಿ ಬಿಷಪ್ಪುಗಳು, ಡಿ7 ಮತ್ತು ಇ7ರಲ್ಲಿ ಕುದುರೆಗಳು. ಮಕ್ಕಳಿಗೆ ಇದು ಬಹಳ ಇಷ್ಟ, ಎದುರಾಳಿ ಏನೇ ಆಡಿದರೂ ಕಣ್ಣುಮುಚ್ಚಿ ಕಟ್ಟಬಹುದು. ಅಲ್ಲಿಯೇ ತೊಂದರೆ. 1966ರ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಪೆಟ್ರೋಸಿಯನ್ ಎದುರು ಸ್ಪಾಸ್ಕಿ 12 ಮತ್ತು 16ನೇ ಆಟಗಳಲ್ಲಿ ಈ ಗೂಡು ಕಟ್ಟಿ ಎರಡನ್ನೂ ಡ್ರಾ ಮಾಡಿಕೊಂಡ. ಅವನು ಗೂಡಿನಲ್ಲಿ ಕಾದದ್ದು ಬಿಳಿಯ ಯಾವುದಾದರೊಂದು ಕಾಲಾಳು ಮುಂದೆ ಬರಲಿ ಎಂದು.

ಇ5 ಬಂದರೆ ಡಿ5 ಆಡಿ ಮುಚ್ಚಿ, ನಂತರ ಸಿ5. ಡಿ5 ಬಂದರೆ ಇ5 ಆಡಿ ಮುಚ್ಚಿ, ನಂತರ ಎಫ್5. ಬಿಳಿ ಯಾವುದನ್ನೂ ತಳ್ಳದೆ ಸುಮ್ಮನೆ ಕೂತರೆ ನೀವೂ ಕೂರಬಹುದು, ಕ್ಯಾಸ್ಲಿಂಗ್ ಮಾತ್ರ ಕೊನೆಯವರೆಗೆ ಕೈಯಲ್ಲಿರಲಿ. ಗೂಡು ಪೂರ್ತಿಯಾದ ಮೇಲೆ ಅವಸರದಿಂದ ಕಾಲಾಳುಗಳನ್ನು ಒಂದೊಂದಾಗಿ ಮುಂದೆ ತಳ್ಳಿದ ಆಟಗಳೇ ಇಲ್ಲಿ ಹೆಚ್ಚು ಹಾಳಾಗುವುದು. ನನ್ನ ಅಭಿಪ್ರಾಯ ಕೇಳಿದರೆ ಹತ್ತು ಹನ್ನೆರಡು ವರ್ಷದ ಮಕ್ಕಳಿಗೆ ಈ ರೂಪ ಕಲಿಸಲೇಬಾರದು. ಕೈಯಲ್ಲಿ ಒಂದು ಗೂಡಿದ್ದರೆ ಬ್ರೇಕ್ ಹುಡುಕುವ ಅಭ್ಯಾಸವೇ ಬೆಳೆಯುವುದಿಲ್ಲ.

ಲಕ್ಷಣ: ಕಂಪ್ಯೂಟರ್ ಹೆದರಿಸುತ್ತದೆ

ಆಟ ಮುಗಿದು ಮೊಬೈಲಿನ ಎಂಜಿನ್‌ಗೆ (ಚೆಸ್ ಲೆಕ್ಕ ಹಾಕುವ ಪ್ರೋಗ್ರಾಮಿಗೆ) ಹಾಕಿದರೆ ನಾಲ್ಕನೇ ನಡೆಗೇ ಬಿಳಿಗೆ ಅರ್ಧ ಕಾಲಾಳಿಗಿಂತ ಹೆಚ್ಚು ಮೇಲುಗೈ ಎಂದು ತೋರಿಸುತ್ತದೆ. ಅದು ಸರಿಯಾದ ಲೆಕ್ಕವೇ, ಜಾಗ ಬಿಟ್ಟುಕೊಟ್ಟದ್ದರ ಬೆಲೆ. ಅದನ್ನು ದೋಷ ಎಂದು ತಿದ್ದಲು ಹೋಗಬೇಡಿ. ನೋಡಬೇಕಾದದ್ದು ಆ ಸಂಖ್ಯೆ ಎಲ್ಲಿ ಒಮ್ಮೆಲೆ ಹಾರಿತು ಎಂಬುದು. ಹಾರಿದ ನಡೆಯ ಆಚೀಚೆ ಬ್ರೇಕ್ ಒಂದು ತಪ್ಪಿಹೋಗಿರುವುದು ಹೆಚ್ಚಿನ ಸಲ ಕಾಣಸಿಗುತ್ತದೆ. ಕಾಣದಿದ್ದರೆ ಕಾಯಿ ಬಿಟ್ಟದ್ದು, ಅದಕ್ಕೆ ಓಪನಿಂಗ್ ಜವಾಬ್ದಾರಿಯಲ್ಲ.

ಬಿಳಿ 1. ಡಿ4 ಅಥವಾ 1. ಸಿ4 ಆಡಿದರೂ ಜಿ6, ಬಿಷಪ್ ಜಿ7, ಡಿ6 ಎಂದೇ ಆಡಬಹುದು. ಮನಸ್ಸಾದರೆ ಕುದುರೆ ಎಫ್6 ಇಟ್ಟು ಕಿಂಗ್ಸ್ ಇಂಡಿಯನ್ ಎಂಬ ಇನ್ನೊಂದು ಓಪನಿಂಗಿಗೆ ಹೊರಳಬಹುದು. ಆದರೆ ಕಿಂಗ್ಸ್ ಇಂಡಿಯನ್ ಗೊತ್ತಿಲ್ಲದವರು ಅಲ್ಲಿಗೆ ಕಾಲು ಜಾರಿ ಬೀಳುವುದೂ ಒಂದು ದೋಷ. ಕುದುರೆ ಎಫ್6 ಆಡುವ ಮೊದಲು ಆ ಕಡೆಯ ದಾರಿ ಗೊತ್ತಿದೆಯೇ ಎಂದು ಕೇಳಿಕೊಳ್ಳಿ.

ಲಕ್ಷಣ: ಮೊಬೈಲಿನಲ್ಲಿ ಮಾತ್ರ ಸೋಲು

ಬೋರ್ಡಿನಲ್ಲಿ ಚೆನ್ನಾಗಿ ಆಡುವವರು ಬಸ್ಸಿನಲ್ಲಿ ಕೂತು ಆಡುವ ಬ್ಲಿಟ್ಜ್‌ನಲ್ಲಿ (ಕೆಲವೇ ನಿಮಿಷದ ಆಟದಲ್ಲಿ) ಸೋಲುತ್ತಿದ್ದರೆ ಪ್ರೀಮೂವ್, ಅಂದರೆ ಎದುರಾಳಿ ಆಡುವ ಮೊದಲೇ ಒತ್ತಿಡುವ ನಡೆ, ನೋಡಿ. ಮೊದಲ ಮೂರು ನಡೆ ಯಾವಾಗಲೂ ಒಂದೇ ಎಂದು ಜಿ6, ಬಿಷಪ್ ಜಿ7 ಎರಡನ್ನೂ ಮೊದಲೇ ಒತ್ತಿಟ್ಟಿರುತ್ತಾರೆ. ಇದನ್ನು ಬಲ್ಲ ಎದುರಾಳಿ ಆಡುವುದು ಹೀಗೆ: 1. ಡಿ4 ಜಿ6 2. ಬಿಷಪ್ ಎಚ್6. ನಿಮ್ಮ ಫೋನು ಒತ್ತಿಟ್ಟಿದ್ದನ್ನು ಆಡಿಬಿಡುತ್ತದೆ, ಬಿಷಪ್ ಜಿ7. 3. ಬಿಷಪ್ ಬಿಷಪ್ಪನ್ನು ಹೊಡೆಯುತ್ತದೆ, ತಿರುಗಿ ಹೊಡೆಯಲು ಯಾರೂ ಇಲ್ಲ, ಪಕ್ಕದಲ್ಲಿ ಎಚ್8ರ ರೂಕ್ ಜಿ8ರ ಕುದುರೆಯ ಹಿಂದೆ ಸಿಕ್ಕಿಬಿದ್ದಿದೆ. ಕಣ್ಣುಬಿಟ್ಟು ಆಡಿದ್ದರೆ ಎರಡನೇ ನಡೆಯಲ್ಲಿ ಎಫ್8ರ ಬಿಷಪ್ಪಾಗಲಿ ಜಿ8ರ ಕುದುರೆಯಾಗಲಿ ಎಚ್6ರಲ್ಲಿ ಬಿಟ್ಟಿಯಾಗಿ ಒಂದು ಬಿಷಪ್ ತಿನ್ನುತ್ತಿತ್ತು. ಜಿ6ಕ್ಕೆ ಪ್ರೀಮೂವ್ ಇಟ್ಟರೆ ಇಡಿ, ಎರಡನೇ ನಡೆಗೆ ಬೇಡ.